ಜಯಮಾಲಾಳ ಚಿಪ್ಪಿನ ಮನೆ

ನಮ್ಮ ಇಂಡಿ ತಾಲೂಕಿನ ನಿಂಬೆಹಣ್ಣು ಇರದಿದ್ದರೆ ಗೋವಾದಲ್ಲಿ ಮೀನು ತಿನ್ನುವ ಮಂದಿ ಯಾವಾಗಲೋ ಬಾಯಿ ಕಟ್ಟಿಕೊಂಡು ಸನ್ಯಾಸ ತೆಗೆದುಕೊಳ್ಳುತ್ತಿದ್ದರು. ಆ ನಿಂಬೆ ಹೊತ್ತೊಯ್ಯುವ ಲಾರಿ ನನ್ನದು. ಅದು ಘಾಟು ಇಳಿಯುತ್ತ ಒಮ್ಮೆ ಹಾರ್ನ್ ಹೊಡೆದರೆ ಸಾಕು, ಪಣಜಿಯ ಹೋಟೆಲುಗಳಲ್ಲಿ ಅಡುಗೆಯವರು ಚಾಕು ಮಸೆಯುತ್ತ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ಶಂಕರೆಪ್ಪ, ತಾಂಬಾದವನು. ತಾಂಬಾ ಗೊತ್ತಿಲ್ಲದವರು ಇರಲಾರರು; ಇದ್ದರೆ ಹೇಳುತ್ತೇನೆ, ಇಂಡಿಗೂ ಸಿಂದಗಿಗೂ ನಡುವೆ ಸೂರ್ಯ ಊಟಕ್ಕೆ ಕೂಡುವ ಜಾಗ ಅದು. ಬೇಸಿಗೆಯಲ್ಲಿ ನಮ್ಮ ಕಾಗೆಗಳು ಹಾರುವುದಿಲ್ಲ, ನೆರಳು ಹುಡುಕಿಕೊಂಡು ನಡೆದೇ ಹೋಗುತ್ತವೆ.

ಗೋವಾದಲ್ಲಿ ನನಗೆ ಎರಡೇ ಕೆಲಸ, ನಿಂಬೆ ಇಳಿಸುವುದು ಮತ್ತು ತಂಗಿಯನ್ನು ನೋಡುವುದು. ನನ್ನ ತಂಗಿ ಜಯಮಾಲಾ ಮದುವೆಯಾದ ವರ್ಷವೇ ಗಂಡನ ಜೊತೆ ಅಲ್ಲಿಗೆ ಹೋದವಳು. ಗಂಡ ಕಲ್ಮೇಶ ಬಸವನ ಬಾಗೇವಾಡಿ ಕಡೆಯವನು. ಅವನ ಊರು ಅಣೆಕಟ್ಟಿನ ಹಿನ್ನೀರಿನ ಕೆಳಗೆ ಹೋಗಿತ್ತು, ಅಪ್ಪ ಅವ್ವ ಅದಕ್ಕೂ ಮೊದಲೇ ಹೋಗಿದ್ದರು. ಗೌಂಡಿ ಕೆಲಸದಲ್ಲಿ ಅವನನ್ನು ಮೀರಿಸುವವನು ಮೂರು ರಾಜ್ಯಗಳಲ್ಲಿ ಇರಲಿಲ್ಲ. ಅವನು ಕಟ್ಟಿದ ಗೋಡೆಯ ಮೇಲೆ ಹತ್ತಲು ಹೋದ ಇರುವೆ ಕಾಲು ಜಾರಿ ಸೊಂಟ ಮುರಿದುಕೊಳ್ಳುತ್ತಿತ್ತು. ಅಷ್ಟು ಮನೆಗಳನ್ನು ಮಂದಿಗೆ ಕಟ್ಟಿಕೊಟ್ಟವನು ತಾನು ಮಾತ್ರ ತಗಡಿನ ಬಾಡಿಗೆ ಖೋಲಿಯಲ್ಲಿದ್ದ. ಮಕ್ಕಳಿರಲಿಲ್ಲ.

ಜಯಮಾಲಾ ಸಮುದ್ರದ ದಂಡೆಯ ಒಂದು ಹೋಟೆಲಿನ ಹಿತ್ತಲಲ್ಲಿ ತಾಟು ತೊಳೆಯುತ್ತಿದ್ದಳು. ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು, ಹಿಂದೆ ಚಿಪ್ಪಿನ ಗುಡ್ಡ. ತಿಸರಿ ಚಿಪ್ಪು, ಬಂಡೆಗೆ ಅಂಟಿ ಬೆಳೆಯುವ ದಪ್ಪ ಚಿಪ್ಪು, ಏಡಿಯ ಕೊಂಡಿ, ಎಲ್ಲ ಅವಳ ಕೈಯ ಮೇಲೇ ಹಾದು ಹೋಗಬೇಕು. ನಾವು ಲಿಂಗವಂತರು, ಮೊದಲ ವರ್ಷ ಅವಳು ಮೂಗಿಗೆ ಸೆರಗು ಬಿಗಿದುಕೊಂಡೇ ತೊಳೆದಳು. ಆಮೇಲೆ ಸೆರಗು ಬಿಟ್ಟಳು. ಒಂದು ದಿನ ನಾನು ಹೋದಾಗ ಒಂದು ಚಿಪ್ಪನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಅಣ್ಣಾ, ಒಳಗಿನ ಹುಳಾ ಅವರು ತಿಂದ್ರು. ಅದರ ಮನಿ ಹೊರಗ ಒಗಿಯಾಕ ನನ್ನ ಕಡೆ ಕೊಟ್ರು. ಇಷ್ಟ ವರ್ಷ ಬರೇ ಮನಿ ಒಗದದ್ದಾತು ನೋಡು. ಇಷ್ಟರಾಗ ನಂದೊಂದ ಮನಿ ಆಗೂದಿಲ್ಲೇನು?"

ನಾನು ನಕ್ಕೆ. ಕಲ್ಮೇಶ ನಗಲಿಲ್ಲ. ಆಗ ಅವನು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಇಂಥದೇ ಒಂದು ಪ್ರಯೋಗ ನಡೆದಿತ್ತು. ಹೋಟೆಲುಗಳು ಚೆಲ್ಲಿದ ಚಿಪ್ಪು ತಂದು, ಜಜ್ಜಿ ಪುಡಿ ಮಾಡಿ, ಉಸುಕಿನ ಬದಲು ಸಿಮೆಂಟಿಗೆ ಬೆರೆಸಿ ಬ್ಲಾಕ್ ಒತ್ತುತ್ತಿದ್ದರು. ಉಳಿದದ್ದನ್ನು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡಿ ಗೋಡೆಯ ಮೈಗೆ ಗಿಲಾಯಿ ಹಚ್ಚುತ್ತಿದ್ದರು. ಬ್ಲಾಕ್ ಎಷ್ಟು ಗಟ್ಟಿ ಎಂದರೆ, ನಾನು ನನ್ನ ಲಾರಿಯ ಹಿಂದಿನ ಗಾಲಿ ಹತ್ತಿಸಿ ನೋಡಿದೆ, ಗಾಲಿಯೇ ಕ್ಷಮೆ ಕೇಳಿ ಇಳಿಯಿತು. ಅಲ್ಲಿಯ ಮುದುಕ ಮೇಸ್ತ್ರಿ ಕಲ್ಮೇಶನಿಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದನಂತೆ: ಚಿಪ್ಪಿನ ಹೊಟ್ಟೆಯಲ್ಲಿ ಸಮುದ್ರ ಇರುತ್ತದೆ, ಅದು ಬಿಡಬೇಕು, ಒಂದು ಮಳೆಗಾಲ ಪೂರಾ ಬಯಲಲ್ಲಿ ನೆನೆಯಲು ಹಾಕು, ಆಮೇಲೆ ಸಿಹಿನೀರಿನಲ್ಲಿ ತೊಳೆ, ಅಷ್ಟಾದ ಮೇಲೆಯೇ ಜಜ್ಜು.

ಹೀಗೆ ನನ್ನ ಲಾರಿ ಹೋಗುವಾಗ ನಿಂಬೆ, ಬರುವಾಗ ಚಿಪ್ಪು ಹೊರತೊಡಗಿತು. ವಾಸನೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಚೆಕ್‌ಪೋಸ್ಟಿನ ಪೊಲೀಸ ತಾಡಪತ್ರಿ ಎತ್ತಿ ಮೂಗು ಹಾಕಿದವನು ರಜೆ ಬರೆದುಕೊಟ್ಟು ನೇರ ಮನೆಗೆ ಹೋದ. ನನ್ನ ಹಿಂದೆ ಬಂದ ನಾಯಿಗಳು ಬೆಳಗಾವಿಯಿಂದ ತಾಂಬಾದವರೆಗೆ ಮೆರವಣಿಗೆ ಮಾಡಿದವು. ಊರಿನ ಅಂಚಿನಲ್ಲಿ, ನನ್ನ ಮನೆಯ ಪಕ್ಕದಲ್ಲೇ, ತಂಗಿಗೆಂದು ನಾನು ಬಿಟ್ಟುಕೊಟ್ಟ ಜಾಗದಲ್ಲಿ ಚಿಪ್ಪು ಸುರಿದೆವು. ವಿಮಾನ ಇಳಿಸುವಷ್ಟು ಜಾಗ ಅದು.

"ಎರಡ ಎಮ್ಮಿ ಕಟ್ಟಿದ್ರ ಮೂರನೇದ್ದು ಓಣ್ಯಾಗ ನಿಲ್ಲತೇತಿ," ಎಂದಳು ನನ್ನ ಹೆಂಡತಿ ಹೊನ್ನವ್ವ, ಸೆರಗು ಮೂಗಿಗೆ ಒತ್ತಿಕೊಂಡು. "ಅಲ್ರಿ, ಇದೇನ್ರಿ ಇದು? ಮಠದ ಅಯ್ಯನವರು ಈ ಹಾದಿಲೇ ಹೋಗ್ತಾರ. ಮೀನದ ಎಲುಬಿನಾಗ ಮನಿ ಕಟ್ಟತೀರೇನು?"

"ಮೀನಕ್ಕ ಎಲುಬು, ಇದು ಚಿಪ್ಪು. ಮುತ್ತು ಹುಟ್ಟೂ ಜಾಗಾ ಇದು. ಮೈಸೂರ ಅರಮನಿಗೆ ಇದನ್ನ ಹಾಕ್ಯಾರ."

"ಅರಮನಿಗೆ ಹೋಗಿ ನೆಕ್ಕಿ ಬಂದಿರೇನು? ನಾ ಅಂತೂ ಆ ಮನ್ಯಾಗ ಹನಿ ನೀರ ಕುಡ್ಯಾಂಗಿಲ್ಲ."

ಈ ಮಾತು ಗೋವಾಕ್ಕೆ ಮುಟ್ಟಿತು. ಫೋನಿನಲ್ಲಿ ಜಯಮಾಲಾ ನಕ್ಕಳು. "ವೈನಿಗೆ ಹೇಳು, ನೀರು ಬ್ಯಾಡ, ಚಹಾ ಮಾಡ್ತೇನಿ," ಎಂದಳು. ನಗುತ್ತಲೇ ಕೆಮ್ಮಿದಳು. ಆ ಕೆಮ್ಮು ನಿಲ್ಲಲಿಲ್ಲ.

ಮಾಘದಲ್ಲಿ ಅವಳನ್ನು ವಿಜಯಪುರದ ಒಂದು ದವಾಖಾನೆಗೆ ಕರೆತಂದೆವು. ಡಾಕ್ಟರು ಕಲ್ಮೇಶನನ್ನೂ ನನ್ನನ್ನೂ ಒಳಗೆ ಕರೆದು, ಎದೆಯೊಳಗಿನ ಗಂಟು ಎಲ್ಲ ಕಡೆ ಹರಡಿದೆ, ಔಷಧ ನೋವಿಗೆ ಮಾತ್ರ ಎಂದರು. ಎಷ್ಟು ದಿನ ಎಂದು ಕಲ್ಮೇಶ ಕೇಳಿದ. ದೀಪಾವಳಿ ಕಾಣುವುದು ಕಷ್ಟ ಎಂದರು.

ಹೊರಗೆ ಬಾಕಿನ ಮೇಲೆ ಜಯಮಾಲಾ ಕೂತಿದ್ದಳು. ಕಲ್ಮೇಶ ಔಷಧ ತರುವ ನೆಪ ಮಾಡಿ ಅತ್ತ ಹೋದ. ಹೇಳುವುದು ನನ್ನ ಪಾಲಿಗೆ ಬಂತು. ಸುಳ್ಳು ಹೇಳುವುದರಲ್ಲಿ ನಾನು ಏಳು ತಾಲೂಕಿನ ಚಾಂಪಿಯನ್.

"ಏನೂ ಇಲ್ಲವ್ವಾ ತಂಗಿ. ಡಾಕ್ಟರು ಬೈದ್ರು, ಇಂಥಾ ಗಟ್ಟಿ ಪೇಶೆಂಟ್ ತಂದು ನನ್ನ ಟೈಮ್ ಯಾಕ ಹಾಳ ಮಾಡ್ತೀರಿ ಅಂತ. ಐದ ವರ್ಷ ಕಣ್ಣ ಮುಚ್ಚಿ ನಡೀತೇತಿ ಅಂದಾರ."

ಅವಳು ನನ್ನ ಮುಖ ನೋಡಿದಳು. ಸಣ್ಣವಳಿದ್ದಾಗಿನಿಂದ ಅವಳಿಗೆ ಒಂದು ಅಭ್ಯಾಸ. ನಾನು ಹೊಲದಲ್ಲಿ ನೂರು ಹಾವು ಕಂಡೆ ಎಂದರೆ ಹತ್ತು ಎಂದು ಹಿಡಿಯುವಳು, ಹತ್ತು ಮಂದಿಯನ್ನು ಹೊಡೆದೆ ಎಂದರೆ ಒಬ್ಬ ಎನ್ನುವಳು. ಅವಳ ಬೆರಳುಗಳು ಮಡಿಲಲ್ಲಿ ಸದ್ದಿಲ್ಲದೆ ಲೆಕ್ಕ ಹಾಕಿದವು.

"ಐದ ವರ್ಷಕ್ಕ ಹತ್ತರಲೇ ಭಾಗಾ ಹಾಕಿದ್ರ ಆರ ತಿಂಗಳ ಆತಲ್ಲೋ ಅಣ್ಣಾ."

ನಾನು ಲಾರಿಯ ಕೀಲಿ ಹುಡುಕುತ್ತ ಜೇಬು ತಡಕಿದೆ.

"ಇರಲಿ. ಆರ ತಿಂಗಳ ಭಾಳ ಆತು," ಎಂದಳು ಅವಳೇ. "ಆ ತಗಡಿನ ಖೋಲ್ಯಾಗ ಸಾಯಾಕ ನನ್ನ ಕಳಸಬ್ಯಾಡ್ರಿ. ನನ್ನ ಮನ್ಯಾಗ ನಾ ನಾಕ ದಿನ ಕುಂಡ್ರಬೇಕು. ಅವರಿಗೆ ಹೇಳು."

ಕಲ್ಮೇಶನಿಗೆ ಎರಡು ಸಲ ಹೇಳಬೇಕಾಗಲಿಲ್ಲ. ಗೋವಾದ ಲೆಕ್ಕ ಮುಗಿಸಿ ತಾಂಬಾಕ್ಕೆ ಬಂದ. ಅವಳನ್ನು ನನ್ನ ಮನೆಯ ಪಡಸಾಲೆಯಲ್ಲಿ ಮಲಗಿಸಿದೆವು. ಕಿಟಕಿಯಿಂದ ಚಿಪ್ಪಿನ ರಾಶಿ ಕಾಣುತ್ತಿತ್ತು. ಆ ರಾಶಿ ಹೋದ ಮಳೆಗಾಲ ಬಯಲಲ್ಲೇ ಕಳೆದಿತ್ತು ನಿಜ. ಆದರೆ ಗೋವಾದ ಮಳೆಗಾಲ ಬೇರೆ, ನಮ್ಮದು ಬೇರೆ. ನಮ್ಮ ಮಳೆ ಬರುವಾಗ ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಒಬ್ಬ ಮನುಷ್ಯ ಚಹಾ ಕುಡಿದು ಬರಬಹುದು. ಇನ್ನೊಂದು ಮಳೆಗಾಲ ಕಾಯುವ ಮಾತನ್ನು ಯಾರೂ ಎತ್ತಲಿಲ್ಲ. ತೊಳೆಯುವುದೊಂದೇ ದಾರಿ ಉಳಿದಿತ್ತು.

ಕಲ್ಮೇಶ ಸಿಹಿನೀರಿನ ಟ್ಯಾಂಕರ್ ತರಿಸಿದ. ಪೈಪು ಚಿಪ್ಪಿನ ಕಡೆ ತಿರುಗಿಸಿದ್ದೇ ತಡ, ಒಳಗಿನಿಂದ ಜಯಮಾಲಾ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಏನ್ ಮಾಡಾಕತ್ತೀರಿ? ಕುಡಿಯೂ ನೀರ ತಂದು ಕಸಕ್ಕ ಸುರೀತೀರೇನು? ಓಣ್ಯಾಗಿನ ಹೆಣಮಕ್ಕಳು ಕೊಡಾ ಹಿಡಕೊಂಡ ನಿಂತಾರ, ಕಣ್ಣಿಲ್ಲೇನು ನಿಮಗ?"

ಖರೇ, ಐದಾರು ಹೆಂಗಸರು ಖಾಲಿ ಕೊಡ ಹಿಡಿದು ನಿಂತು ನೋಡುತ್ತಿದ್ದರು. ಯಾರೂ ಬೇಡ ಅನ್ನಲಿಲ್ಲ, ಬೈಯಲಿಲ್ಲ, ಬರೀ ಪೈಪಿನ ಬಾಯಿ ನೋಡುತ್ತಿದ್ದರು. ಸಣ್ಣವಳಿದ್ದಾಗ ಒಂದು ಕೊಡ ಸಿಹಿನೀರಿಗೆ ಊರಾಚೆಯ ಬಾವಿಗೆ ಹೋಗಿ ತಲೆಯ ಮೇಲೆ ಹೊತ್ತು ತಂದವಳು ಜಯಮಾಲಾ. ಅವಳ ಎದುರು ಸಿಹಿನೀರು ಚೆಲ್ಲುವುದು ಅನ್ನ ತುಳಿದ ಹಾಗೆ. ಕಲ್ಮೇಶ ಪೈಪನ್ನು ಕೊಡಗಳ ಕಡೆ ತಿರುಗಿಸಿದ.

"ಬೋರಿನ ನೀರ ಐತಲ್ಲ, ಅದರಾಗ ತೊಳೀರಿ. ಅದೇನ ನೀರಲ್ಲೇನು?" ಎಂದಳು.

ನನ್ನ ಬೋರಿನ ನೀರಿಗೆ ಏನು ಕೊರತೆ? ಬಟ್ಟೆ ಒಗೆಯುತ್ತೇವೆ, ದನ ಕುಡಿಯುತ್ತವೆ, ಬೇಸಿಗೆ ಬಂದರೆ ನಾವೂ ಕುಡಿಯುತ್ತೇವೆ. ಸ್ವಲ್ಪ ಸವುಳು, ಅಷ್ಟೇ. ಬೇಳೆ ಬೇಯಲು ಅರ್ಧ ದಿನ ತೆಗೆದುಕೊಳ್ಳುತ್ತದೆ. ಆ ನೀರಿನಲ್ಲಿ ಚಿಪ್ಪು ತೊಳೆದೆವು, ತಿರುವಿ ತಿರುವಿ ತೊಳೆದೆವು. ನನ್ನ ಬೋರು ಪಾತಾಳದಿಂದ ಏದುಸಿರು ಬಿಡುವವರೆಗೆ ತೊಳೆದೆವು.

ಬ್ಲಾಕ್ ಒತ್ತುವ ಮಷಿನ್ ಬಾಡಿಗೆಗೆ ತಂದವನು ಯಾಸೀನ. ನಾಲತವಾಡದವನು, ಮುದ್ದೇಬಿಹಾಳದಲ್ಲಿ ಅವನ ಬ್ಲಾಕಿನ ಅಂಗಳ ಇದೆ. ಬಂದವನೇ ಒಂದು ಚಿಪ್ಪು ಎತ್ತಿ ನಾಲಗೆಗೆ ಹಚ್ಚಿದ, ಥೂ ಎಂದು ಉಗುಳಿದ.

"ಕಲ್ಮೇಶಭಾಯಿ, ಉಪ್ಪ ಐತಿ ಇನ್ನೂ. ಇದನ್ನ ಗ್ವಾಡಿಗೆ ಹಾಕಿದ್ರ ಗ್ವಾಡಿ ನೀರ ಎಳೀತೇತಿ."

ಕಲ್ಮೇಶ ನೆಕ್ಕಿದ. ನಾನು ನೆಕ್ಕಿದೆ. ಹೊನ್ನವ್ವ ನೆಕ್ಕಲಿಲ್ಲ. ಅಷ್ಟು ದಿನ ನನ್ನ ಬೋರಿನ ಸವುಳು ನೀರೇ ಕುಡಿದಿದ್ದ ನಮಗೆ ಉಪ್ಪು ತಿಳಿಯಲೇ ಇಲ್ಲ.

"ಎಲ್ಲೈತೋ ಉಪ್ಪು? ಇದು ನೀರಿನ ರುಚಿ," ಎಂದೆ ನಾನು. "ನೀವು ಕೃಷ್ಣಾ ಹೊಳಿ ನೀರ ಕುಡದ ಮಂದಿ, ನಿಮಗ ಸಕ್ಕರೀನೂ ಉಪ್ಪ ಹತ್ತತೇತಿ."

"ಹಂಗಾರ ನಿಮ್ಮ ನಾಲಿಗೀನ ಗ್ವಾಡಿಗೆ ಹಚ್ಚರಿ ಕಾಕಾ, ಗಟ್ಟಿ ಇರತೇತಿ," ಎಂದು ಅವನು ನಕ್ಕ. ಆಮೇಲೆ ಕಿಟಕಿಯ ಕಡೆ ಕಣ್ಣು ಹೋಯಿತು. ಒಳಗೆ ಜಯಮಾಲಾ ದಿಂಬಿಗೆ ಒರಗಿ ನಮ್ಮನ್ನೇ ನೋಡುತ್ತಿದ್ದಳು. ಯಾಸೀನ ನಗು ನಿಲ್ಲಿಸಿ ಕಲ್ಮೇಶನ ಹೆಗಲ ಮೇಲೆ ಕೈ ಇಟ್ಟ. "ಯಾವಾಗ ಬೇಕು?" ಎಂದ.

"ಬಸವ ಜಯಂತಿ ದಿನಾ ಒಳಗ ಹೋಗಬೇಕು," ಎಂದ ಕಲ್ಮೇಶ.

ಮನೆ ಎದ್ದದ್ದು ನೋಡಬೇಕಿತ್ತು. ಬೆಳಿಗ್ಗೆ ಪಾಯ ಕಂಡವರು ಸಂಜೆ ಕಿಟಕಿಯಲ್ಲಿ ಇಣುಕಿದರು. ಒಂದು ಖೋಲಿ, ಒಂದು ಅಡುಗೆಮನೆ, ಮುಂದೆ ಸಣ್ಣ ಕಟ್ಟೆ. ಸುಟ್ಟ ಚಿಪ್ಪಿನ ಸುಣ್ಣದ ಗಿಲಾಯಿ ಎಷ್ಟು ಬಿಳಿ ಎಂದರೆ, ಬೆಳದಿಂಗಳು ಬಂದು ನೋಡಿ ನಾಚಿ ಸಾಲೋಟಗಿಯ ಕಡೆ ಹೋಯಿತು. ಒಳಗಿನ ಒಂದು ಗೋಡೆಗೆ ಮಾತ್ರ ಕಲ್ಮೇಶ ಗಿಲಾಯಿ ಹಚ್ಚಲಿಲ್ಲ. ಬ್ಲಾಕಿನ ಮೈಯಲ್ಲಿ ಚಿಪ್ಪಿನ ಚೂರುಗಳು ಹಾಗೇ ಕಾಣುತ್ತಿದ್ದವು, ಕೆಲವು ಗುಲಾಬಿ, ಕೆಲವು ನೀಲಿ. ಅವಳ ಹಾಸಿಗೆಯನ್ನು ಅದರ ಎದುರು ಹಾಸಿದ.

ಬಸವ ಜಯಂತಿಯ ದಿನ ಹಾಲು ಉಕ್ಕಿಸಿದರು. ಉಕ್ಕಿಸಿದವಳು ಹೊನ್ನವ್ವ. ಆ ಮನೆಯಲ್ಲಿ ಹನಿ ನೀರು ಕುಡಿಯದವಳು ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಒಲೆಯ ಮುಂದೆ ಕೂತಿದ್ದಳು. ಜಯಮಾಲಾ ಕೀಟಲೆ ಮಾಡಿದಳು.

"ವೈನೀ, ಹಾಲು ಕುಡೀರಿ ಮತ್ತ, ಮೀನಾ ಈಸ್ಯಾಡಾಕತ್ತಿಲ್ಲ ಅದರಾಗ."

"ಕುಡೀತೇನಿ ಕೊಡ. ನಿನ್ನ ಗಂಡನ ಮನಿ ಹಾಲು. ದೇವರು ಕೇಳಿದ್ರ ನಿನ್ನ ಹೆಸರ ಹೇಳ್ತೇನಿ," ಎಂದು ಹೊನ್ನವ್ವ ಗಟಗಟ ಕುಡಿದಳು.

ಆ ಬೇಸಿಗೆ ಜಯಮಾಲಾಳದು. ಬಾಗಿಲ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು, ಗೋಡೆಯ ಚೂರುಗಳ ಮೇಲೆ ಬೆರಳಾಡಿಸುತ್ತ ಬಂದವರಿಗೆಲ್ಲ ಕಥೆ ಹೇಳುವಳು. ಇದು ತಾಟಿನ ಮೇಲೆ ಅತ್ತು ಊಟ ಬಿಟ್ಟು ಹೋದ ಹುಡುಗಿಯದು, ಇದು ಒಬ್ಬನೇ ಬಂದು ಇಬ್ಬರ ಊಟ ಹೇಳಿದ ಮುದುಕನದು. ಎಲ್ಲ ಅವಳು ಹುಟ್ಟಿಸಿದ್ದು. ನನ್ನ ತಂಗಿ ಅಲ್ಲವೇ. ಕಲ್ಮೇಶ ಕಟ್ಟೆಯ ಮೇಲೆ ಕೂತು ಕೇಳುವನು. ಮುಂದೆ ಬ್ಲಾಕಿನ ಅಂಗಳ ತೆರೆಯುವ ಮಾತಾಡುವನು. ಊರವರು ಬಂದು ಗೋಡೆ ಬಡಿದು ನೋಡಿ, ತಮಗೂ ಚಿಪ್ಪು ತರಲು ನನಗೆ ಹೇಳಿಹೋಗುತ್ತಿದ್ದರು.

ಆಷಾಢದಲ್ಲಿ ಮಳೆ ಹಿಡಿಯಿತು. ಆ ವರ್ಷವೇ ನಮ್ಮ ಊರಿನ ಮೇಲೆ ಅದಕ್ಕೆ ಅಷ್ಟು ಪ್ರೀತಿ ಯಾಕೆ ಬಂತೋ. ವಾರವಿಡೀ ಬಿಸಿಲು ಕಾಣಲಿಲ್ಲ. ಮೊದಲು ಗೋಡೆ ಬೆವರಿತು. ಆಮೇಲೆ ಬುಡದಲ್ಲಿ ಹತ್ತಿಯ ಹಾಗೆ ಬಿಳಿಯ ಉಪ್ಪು ಹೂಬಿಟ್ಟಿತು. ಆಮೇಲೆ ಗಿಲಾಯಿ ಹಪ್ಪಳದ ಹಾಗೆ ಎದ್ದು ಒಂದೊಂದೇ ಬಿತ್ತು. ಇಂಡಿ ಸಿಂದಗಿ ಎರಡೂ ತಾಲೂಕಿನ ಆಡುಗಳು ಸುದ್ದಿ ಕೇಳಿ ಬಂದು ಹೊರಗೋಡೆ ನೆಕ್ಕತೊಡಗಿದವು. ನಾಲ್ಕು ಆಡು ಎಂದೇ ಇಟ್ಟುಕೊಳ್ಳಿ. ನಾನು ಕಲ್ಲು ಬೀಸಿ ಓಡಿಸಿದರೆ ಸುತ್ತು ಹಾಕಿ ಮತ್ತೆ ಬರುತ್ತಿದ್ದವು.

ಕಲ್ಮೇಶ ದಿನಾ ಬೆಳಗಾಗುವ ಮೊದಲೇ ಎದ್ದು, ಅವಳು ಕಣ್ಣು ಬಿಡುವುದರೊಳಗೆ, ಬಿದ್ದ ಗಿಲಾಯಿ ಗುಡಿಸಿ, ಉಪ್ಪನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದ. ಮಧ್ಯಾಹ್ನಕ್ಕೆ ಅದು ಮತ್ತೆ ಬರುತ್ತಿತ್ತು. ಒಂದು ದಿನ ಅವಳು ಅದನ್ನು ಬೆರಳಿಂದ ತೆಗೆದು ನೋಡುವಾಗ ನಾನು ಒಳಗೆ ಹೋದೆ.

"ಇದು ಚಿಪ್ಪಿನ ಹೂವು," ಎಂದೆ. "ಗೋವಾದಾಗ ದೊಡ್ಡ ದೊಡ್ಡ ಸಾವ್ಕಾರ್ರು ಇದಕ್ಕ ಕಾಯಕೊಂಡ ಕುಂತಿರತಾರ. ಮನಿಗೆ ಕಳೆ ಬರತೇತಿ ಅಂತ."

"ಹೌದೇನು," ಎಂದಳು. ಬೆರಳನ್ನು ಬಾಯಿಗೆ ಇಟ್ಟುಕೊಂಡಳು. ಗೋವಾದಲ್ಲಿ ಅಷ್ಟು ವರ್ಷ ಚಿಪ್ಪು ತೊಳೆದವಳಿಗೆ ಆ ರುಚಿ ಗೊತ್ತಿರದೆ ಇರುತ್ತದೆಯೇ? ಮೊದಲೇ ಒಮ್ಮೆ ನಾಲಗೆಗೆ ಹಚ್ಚಲು ಅವಳಿಗೆ ನಾವು ಕೊಡಬೇಕಿತ್ತು, ಯಾರಿಗೂ ಹೊಳೆಯಲಿಲ್ಲ.

ಥಂಡಿ ಅವಳ ಎದೆಗೆ ಇಳಿಯಿತು. ಕೂತರೆ ಉಸಿರು, ಮಲಗಿದರೆ ಉಸಿರಿಲ್ಲ. ನನ್ನ ಮನೆ ಒಣಗಿತ್ತು, ಹತ್ತು ಹೆಜ್ಜೆ ದೂರದಲ್ಲಿತ್ತು. ಅಲ್ಲಿಗೆ ಬಾ ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಹೊನ್ನವ್ವನಿಗೂ ಇರಲಿಲ್ಲ. ಹೇಳಿದರೆ ನಿನ್ನ ಮನೆ ಕೆಟ್ಟಿತು ಎಂದು ಹೇಳಿದ ಹಾಗೆ. ಕಲ್ಮೇಶ ಕಟ್ಟೆಯ ಮೇಲೆ ಕೂತು ಅವಳ ಉಸಿರು ಕೇಳುತ್ತಿದ್ದ, ಕರಣೆ ಕೈಯಲ್ಲಿ ಹಿಡಿದುಕೊಂಡು. ಹಚ್ಚಲು ಏನೂ ಇರಲಿಲ್ಲ, ಸುಮ್ಮನೆ ಹಿಡಿದಿದ್ದ.

ಶ್ರಾವಣ ಬಂತು. ದಾರಿ ತೋರಿಸಿದವಳು ಅವಳೇ.

"ಅಣ್ಣಾ, ಪಂಚಮಿ ಬಂತು. ಹೆಣ್ಣಮಗಳನ್ನ ಕರಿಯಾಕ ಬರೂದಿಲ್ಲೇನು? ಗೋವಾಕ್ಕಂತೂ ಪಂಚಮಿಗೆ ಕರಿಯಾಕ ಒಂದ ಸರ್ತಿನೂ ಬರಲಿಲ್ಲ, ನಿಂಬಿಹಣ್ಣಿನ ಸೀಜನ್ ಅಂದಿ. ಈಗರೆ ಬಾ."

ನಮ್ಮಲ್ಲಿ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಹಬ್ಬ ಮುಗಿದ ಮೇಲೆ ಗಂಡ ಬಂದು ಕರೆದೊಯ್ಯಬೇಕು. ಎಷ್ಟು ಸಿರಿವಂತ ಮನೆಯಿಂದ ಬಂದರೂ ಪಂಚಮಿಗೆ ಮನೆ ಬಿಟ್ಟು ಬಂದವಳನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಕಲ್ಮೇಶ ತಲೆ ತಗ್ಗಿಸಿ ನಿಂತಿದ್ದ. ಅವನಿಗೂ ಗೊತ್ತಾಯಿತು.

ನಾನು ಲಾರಿ ತೊಳೆದು, ಮುಂದೆ ಬಾಳೆಕಂದು ಕಟ್ಟಿ, ಹತ್ತು ಹೆಜ್ಜೆಯ ದಾರಿಗೆ ಲಾರಿ ತಂದೆ. ಅವಳಿಗೆ ನಗು ಬಂತು. ಕಲ್ಮೇಶ ಅವಳನ್ನು ಎತ್ತಿ ಕೂಡಿಸಿದ. ಹಗುರವಾಗಿದ್ದಳು. ಇದರಲ್ಲಿ ನಾನು ಏನೂ ಸೇರಿಸಿ ಹೇಳುತ್ತಿಲ್ಲ.

"ಹಬ್ಬ ಆದ ಮ್ಯಾಲ ಕರಿಯಾಕ ಬರ್ರಿ," ಎಂದಳು ಅವನಿಗೆ. "ಹಸರ ಸೀರಿ ತರ್ರಿ. ಬರಿಗೈಲೆ ಬಂದ್ರ ನಾ ಬರಾಂಗಿಲ್ಲ."

"ತರ್ತೇನಿ," ಎಂದ ಕಲ್ಮೇಶ. "ಅಷ್ಟರಾಗ ಗ್ವಾಡಿ ಸರಿ ಮಾಡಿರ್ತೇನಿ."

ಅವಳು ನನ್ನ ಮನೆಗೆ ಬಂದ ದಿನವೇ ಅವನು ಟ್ಯಾಂಕರ್ ತರಿಸಿದ. ಈ ಸಲ ಓಣಿಯ ಹೆಂಗಸರು ತಾವೇ ಕೊಡ ತುಂಬಿ ತುಂಬಿ ಅವನ ಕೈಗೆ ಕೊಟ್ಟರು. ಉಳಿದ ಗಿಲಾಯಿ ಕೆತ್ತಿ ತೆಗೆದು, ಸಿಹಿನೀರಿನಿಂದ ಗೋಡೆ ತೊಳೆದ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಗೋಡೆ ಒಣಗುತ್ತದೆ, ತೊಳೆಯುತ್ತಾನೆ, ಮತ್ತೆ ಒಣಗುತ್ತದೆ. ನನ್ನ ಪಡಸಾಲೆಯಲ್ಲಿ ಅವಳಿಗೆ ನೀರು ಎರಚುವ ಸಪ್ಪಳ ಕೇಳುತ್ತಿತ್ತು. ಪಂಚಮಿಯ ದಿನ ಹೊನ್ನವ್ವ ಶೇಂಗಾ ಉಂಡಿಯ ಚೂರೊಂದನ್ನು ಅವಳ ಬಾಯಿಗೆ ಇಟ್ಟಳು. ಅವಳು ಅದನ್ನು ನುಂಗಲಿಲ್ಲ, ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದಳು.

ಮರುದಿನ ಬೆಳಕು ಹರಿಯುವಾಗ ಹೋದಳು.

ನಾನು ಹೇಳಲು ಹೊರಡುವಷ್ಟರಲ್ಲಿ ಕಲ್ಮೇಶನೇ ಬಂದ. ಸ್ನಾನ ಮಾಡಿದ್ದ, ತಲೆ ಬಾಚಿದ್ದ, ಕಂಕುಳಲ್ಲಿ ಸೀರೆಯ ಚೀಲ ಇತ್ತು.

"ಮಾವ, ಒಂದ ಗ್ವಾಡಿ ಪೂರಾ ಒಣಗೇತಿ. ಆಕಿ ನೋಡ್ಕೋತ ಮಲಗತಾಳಲ್ಲ, ಅದ. ಹಾಸಿಗಿ ಅಲ್ಲೇ ಹಾಸೇನಿ," ಎಂದ.

ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಅವನು ನನ್ನ ಹೆಗಲ ಮೇಲಿಂದ ಒಳಗೆ ನೋಡಿದ. ಹೊನ್ನವ್ವ ಎದ್ದು ಬಂದು ಅವನ ಕಂಕುಳಿನ ಚೀಲ ತೆಗೆದುಕೊಂಡಳು.

ಓಣಿಯ ಹಿರಿಯರು ಕೂಡಿದರು. ಇಲ್ಲಿಂದಲೇ ಒಯ್ಯೋಣ, ಆ ಮನೆ ಹಸಿ ಇದೆ, ಮಂದಿ ಕೂಡಲು ಜಾಗವಿಲ್ಲ ಎಂದರು. ಹೊನ್ನವ್ವ ಕೇಳಲಿಲ್ಲ. ಹಸಿರು ಸೀರೆ ಉಡಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಾಕಿ ಉಡಿ ತುಂಬಿದಳು.

"ಮುತ್ತೈದಿ ಆಕಿ. ಗಂಡ ಕರಿಯಾಕ ಬಂದಾನ. ಆಕಿ ಮನಿಗೆ ಆಕೀನ ಕಳಸ್ರಿ. ಅಲ್ಲಿಂದ ಹೋಗಲಿ," ಎಂದಳು.

ಕಳಿಸಿದೆವು. ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದರು. ಯಾವ ಗೋಡೆ ಎಂದು ಯಾರೋ ಕೇಳಿದಾಗ ಕಲ್ಮೇಶ ಒಣಗಿದ ಗೋಡೆ ತೋರಿಸಿದ. ಅದು ಒಣಗಿತ್ತು ನಿಜ. ಒಣಗುತ್ತ ಒಣಗುತ್ತ ಒಳಗೆ ಉಳಿದ ಉಪ್ಪನ್ನೆಲ್ಲ ಮೈಮೇಲೆ ತಂದುಕೊಂಡು ಬೆಳ್ಳಗೆ ನಿಂತಿತ್ತು. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ. ಮಧ್ಯಾಹ್ನದವರೆಗೆ ಭಜನೆ ನಡೆಯಿತು. ಮಂದಿ ಖೋಲಿಯಲ್ಲಿ ಹಿಡಿಯದೆ ಕಟ್ಟೆಯ ಮೇಲೆ, ಓಣಿಯಲ್ಲಿ ಕೂತರು. ಯಾಸೀನನೂ ಬಂದು ಹೊರಗೆ ಬಿಸಿಲಲ್ಲಿ ಕೈಕಟ್ಟಿ ನಿಂತಿದ್ದ.

ಸಮಾಧಿಗೆ ಒಯ್ಯುವ ಹೂವಿನ ವಿಮಾನ ಬಂತು, ಅವಳನ್ನು ಎತ್ತಿದೆವು. ಸೀರೆಯ ಬೆನ್ನು ಪೂರಾ ಬೆಳ್ಳಗಾಗಿತ್ತು, ಹಿಟ್ಟಿನಲ್ಲಿ ಒರಗಿ ಕೂತ ಹಾಗೆ. ಹೊನ್ನವ್ವ ಸೆರಗಿನ ತುದಿಯಿಂದ ಒರೆಸಲು ಹೋದಳು.

ಕಲ್ಮೇಶ ಅವಳ ಕೈ ಹಿಡಿದ.

"ಬ್ಯಾಡ ಅಕ್ಕಾ, ಇರಲಿ. ಮನೀದೈತಿ ಅದು."

ಹೊನ್ನವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ನಾವು ಹಾಗೇ ಎತ್ತಿಕೊಂಡು ಹೊರಗೆ ಬಂದೆವು.